ತಳದ ಹಿಡಿ

ಉದ್ಯಮಬಾಗಿನ ಫೌಂಡ್ರಿಗಳು ಬಾಗಿಲು ಹಾಕಿದ ಮೇಲೆ
ನನ್ನ ಶೆಡ್ಡಿನಲ್ಲಿ ಕೆಲಸ ಶುರು.
ಹೊರಗೆ ಸುಟ್ಟ ಮರಳಿನ ವಾಸನೆ ಇನ್ನೂ ಆರಿಲ್ಲ,
ಒಳಗೆ ಬಿಳಿ ಡೀಸೆಲ್ ಕಾರು,
ಸ್ಟೇರಿಂಗಿನ ಕೆಳಗಿಂದ ನನ್ನ ಲ್ಯಾಪ್‌ಟಾಪಿಗೆ ಒಂದು ವೈರು.
ಹೊಕ್ಕುಳಬಳ್ಳಿ ಅಂದರೆ ಹೆಚ್ಚಾದೀತು,
ಸಲೈನ್ ಅನ್ನಿ, ಸಾಕು.

"ಎಲ್ಲಾ ಬಿಚ್ಚಿಬಿಡ್ರಿ," ಅಂದ ಸಾತೇರಿ ಬೆಳವಟಕರ.
"ಅದ ಇಂಜಿನ್, ಅದ ಕಬ್ಬಿಣ.
ಮ್ಯಾಲಿನ ಮಾಡೆಲ್‌ದಾಗ ನೂರಾ ಮೂವತ್ತು ಕುದರಿ,
ನಂದ್ರಾಗ ತೊಂಬತ್ತು.
ಉಳಿದ ನಲವತ್ತು ಎಲ್ಲಿ ಮೇಯಾಕ ಹೋಗ್ಯಾವು?"
ಚೋರ್ಲಾ ಘಾಟಿನಲ್ಲಿ ಗೋವಾ ನಂಬರಿನವನೊಬ್ಬ
ಏರಿನಲ್ಲೇ ಹಿಂದೆ ಹಾಕಿ ಹೋದದ್ದು
ಅವನ ಗಂಟಲಲ್ಲಿ ಇನ್ನೂ ಇಳಿದಿಲ್ಲ.

ಪರದೆಯ ಮೇಲೆ ಅಂಕಿಗಳು ತೆರೆದವು
ಪಂಚಾಂಗದ ಪುಟದ ಹಾಗೆ, ಮನೆ ಮನೆ.
ಇಷ್ಟು ಸುತ್ತಿಗೆ ಇಷ್ಟು ಗಾಳಿ,
ಇಷ್ಟು ಗಾಳಿಗೆ ಇಷ್ಟೇ ಎಣ್ಣೆ,
ಹೊಗೆಗೆ ಒಂದು ಗೆರೆ, ಬಿಸಿಗೆ ಒಂದು,
ಟಾರ್ಕಿಗೆ ಒಂದು, ಅದರ ಮೇಲೆ ಕಾವಲಿಗೆ ಇನ್ನೊಂದು.

ಫೋರ್ಟ್ ರೋಡಿನ ನನ್ನ ಉಸ್ತಾದ ಅಪ್ಪಾಲಾಲರಿಗೆ
ಇದೆಲ್ಲ ಇರಲಿಲ್ಲ.
ಪಂಪಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ
ಸೈಲೆನ್ಸರಿನ ಮುಂದೆ ಬಿಳಿ ಕರವಸ್ತ್ರ ಹಿಡಿಯುವರು,
ಕಲೆ ಬಿದ್ದರೆ ಒಂದು ನೂಲು ಹಿಂದಕ್ಕೆ.
ಕರವಸ್ತ್ರ ಒಗೆಯುವವರ ಬೈಗುಳ ಬೇರೆ ಲೆಕ್ಕ.

ಮೊದಮೊದಲು ಈ ಗೆರೆಗಳನ್ನು
ನಾನೂ ಕಂಪನಿಯ ಜಿಪುಣತನ ಅಂದುಕೊಂಡಿದ್ದೆ.
ಎರಡು ಟರ್ಬೊ ಸುಟ್ಟವು.
ಆಮೇಲೆ ನೆನಪಾದದ್ದು ಅವ್ವನ ಹಿಟ್ಟಿನ ಡಬ್ಬಿ.

ಜೋಳದ ಹಿಟ್ಟು ಎಷ್ಟು ಕಡಿಮೆ ಬಿದ್ದರೂ
ಡಬ್ಬಿ ಬರಿದು ಮಾಡುತ್ತಿರಲಿಲ್ಲ ಅವಳು,
ತಳದಲ್ಲಿ ಒಂದು ಹಿಡಿ.
ಯಾರಿಗೆ ಅಂದರೆ "ಬರವ್ರಿಗೆ."
ಯಾರು ಬರುವವರು, ಅವಳಿಗೂ ಗೊತ್ತಿರಲಿಲ್ಲ.

ಎಲ್ಲೋ ದೂರದ ಊರಲ್ಲಿ
ನಾನೆಂದೂ ಕಾಣದ ಇಂಜಿನಿಯರ್ ಒಬ್ಬಳು
ಹೀಗೇ ಉಳಿಸಿಟ್ಟಿರಬೇಕು:
ಸೀಮೆಎಣ್ಣೆ ಬೆರೆಸುವ ಬಂಕಿಗೆ ಸ್ವಲ್ಪ,
ಮೇ ತಿಂಗಳ ಮಧ್ಯಾಹ್ನಕ್ಕೆ ಸ್ವಲ್ಪ,
ಐದು ಸೀಟಿಗೆ ಒಂಬತ್ತು ಮಂದಿ ತುಂಬಿ
ಸವದತ್ತಿ ಗುಡ್ಡ ಹತ್ತಿಸುವವರಿಗೆ ಸ್ವಲ್ಪ,
ಆಯಿಲ್ ಬದಲಿಸಲು ಮರೆತವನಿಗೆ,
ಅವನಿಗೇ ಹೆಚ್ಚು.

ಆ ಹಿಡಿಗೆ ಕೈ ಹಾಕುವ ಮೊದಲು ಕೇಳುತ್ತೇನೆ,
ಹೆಣ್ಣು ನೋಡಲು ಬಂದ ಬೀಗರಂತೆ:
ಡೀಸೆಲ್ ಎಲ್ಲಿ ಹಾಕಸ್ತೀರಿ?
ಗಾಡಿ ಯಾರ್ಯಾರು ಹೊಡೀತಾರ?
"ನಾನೊಬ್ಬನ. ಬ್ಯಾರೆಯವ್ರಿಗೆ ಕೀಲಿ ಸೈತ ಕೊಡಂಗಿಲ್ಲ."

ಡ್ರೈವರ್ ಸೀಟು ಸ್ಟೇರಿಂಗಿಗೆ ಅಂಟುವಷ್ಟು ಮುಂದಿತ್ತು,
ಒಳಗನ್ನಡಿ ಕೆಳಕ್ಕೆ ಬಾಗಿತ್ತು.
ಆರಡಿಯ ಸಾತೇರಿ ಕೂರುವಾಗ ಮೊಣಕಾಲು ಬಡಿದುಕೊಂಡಿದ್ದ.
ಹಿಂದಿನ ಗಾಜಿನ ಮೇಲೆ ಕಿತ್ತ ಸ್ಟಿಕರಿನ ಅಂಟು,
ಎಲ್ ಆಕಾರದಲ್ಲಿ ಧೂಳು ಹಿಡಿದಿತ್ತು.
ನಾನು ಅದನ್ನೇ ನೋಡುತ್ತಿದ್ದೆ.

ಅವನು ಕೆಮ್ಮಿದ.
"ನಮ್ಮ ಸುಲಭಾ ಕಲೀಲಿಕ್ಕತ್ತಾಳ.
ಮುಂಜಾನೆ ಐದಕ್ಕ, ಕ್ಯಾಂಪಿನ ರೋಡಿನ್ಯಾಗ.
ಮಂದಿ ನೋಡಬಾರದಂತ."

ನಲವತ್ತು ಬಿಟ್ಟೆ, ಇಪ್ಪತ್ತು ತೆಗೆದೆ.
ಅದೂ ಎರಡು ಸಾವಿರ ಸುತ್ತಿನ ಮೇಲೆ, ಘಾಟಿಗೆ.
ಕೆಳಗೆ, ಒಂದನೇ ಗೇರಿನಲ್ಲಿ
ಒಂದು ಹೊಸ ಪಾದ ಕ್ಲಚ್ಚಿನಿಂದ ಅಂಜುತ್ತ ಏಳುವ ಜಾಗದಲ್ಲಿ,
ಒಂದು ಅಂಕಿಯನ್ನೂ ಮುಟ್ಟಲಿಲ್ಲ.
ಹೊಗೆಯ ಗೆರೆಯನ್ನೂ.
ಮೂಲ ಫೈಲು ಡಿಸ್ಕಿನಲ್ಲಿ ಎತ್ತಿಟ್ಟೆ.

ವಂಟಮುರಿ ಏರಿನಲ್ಲಿ ಸಾತೇರಿ
ಹುಡುಗನ ಹಾಗೆ ಕೂಗಿದ, ಇಳಿದ ಮೇಲೆ
"ಅರ್ಧಾ ಕೆಲಸಕ್ಕ ಪೂರಾ ರೊಕ್ಕಾ?" ಅಂದ.

ಮರುವಾರ, ಬೆಳಗಿನ ಐದು.
ಕ್ಯಾಂಪಿನ ಮರಗಳ ಕೆಳಗೆ ಬಿಳಿ ಕಾರು
ಒಮ್ಮೆ ನಿಂತುಹೋಯಿತು, ಮತ್ತೊಮ್ಮೆ ನಿಂತಿತು.
ಮೂರನೇ ಸಲ ಎದ್ದು ನಡೆಯಿತು,
ಗಾಬರಿಯಿಲ್ಲದ ಎತ್ತಿನ ಹಾಗೆ.
ಪಕ್ಕದ ಸೀಟಿನಲ್ಲಿ ಸಾತೇರಿ
ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದಿದ್ದ.
ನನ್ನನ್ನು ಕಂಡರೂ ಕಾಣದಂತೆ ಹೋದ.
ಐನೂರು ರೂಪಾಯಿ ಇನ್ನೂ ಬಾಕಿ.