ಕುಟ್ಟೆ

ಅಲ್ ಐನ್ ದಾಟಿ, ಒಂಟೆಗಳ ಬೇಲಿಯನ್ನೂ ದಾಟಿ
ಖರ್ಜೂರದ ತೋಟದ ನಡುವೆ
ಅರ್ಬಾಬ್ ಮತರ್‌ಗೆ ಒಂದು ಹಳೇ ಮನೆ ಬೇಕಿತ್ತು.
ಹೊಸದಾಗಿ.

ಪಾಕೀಟಿನಿಂದ ಫೋಟೋ ತೆಗೆದ: ಇಂಗ್ಲೆಂಡಿನ ಯಾವುದೋ ಹಳ್ಳಿ,
ಬಿಳಿ ಗೋಡೆಗೆ ಕರಿ ತೊಲೆಗಳ ಅಡ್ಡಪಟ್ಟೆ,
ಗೂನು ಬೆನ್ನಿನ ಮಾಡು, ಬಾಗಿಲಲ್ಲಿ ಕೆಸರು ಬೂಟು.
ಓದಲು ಹೋದ ಎರಡು ಚಳಿಗಾಲ ಅಲ್ಲೇ ಬಾಡಿಗೆಗಿದ್ದನಂತೆ.
"ನಾನೂರು ವರ್ಷ" ಅಂದ, ನಾಲ್ಕು ಬೆರಳೆತ್ತಿ.
"ನನಗೆ ಈದ್‌ಗೆ ಮೊದಲು ಬೇಕು."

ಗೋಡೆ ಸಿಮೆಂಟಿನದು. ತೊಲೆ ಫೋಮಿನದು.
ಒಂದೇ ಕೈಯಲ್ಲಿ ಎತ್ತಿದೆ, ಕೂಸಿನಷ್ಟೂ ತೂಕವಿಲ್ಲ.
ನಾನು ಗೋಂದು ಮೆತ್ತಿದೆ, ಗುಲ್‌ಜಮಾನ್ ಕರಿ ಬಳಿದ.
"ಸೊಟ್ಟ ಇರಲಿ, ಇನ್ನೂ ಸೊಟ್ಟ!"
ರಸಮಟ್ಟದ ಗುಳ್ಳೆ ಕೂದಲೆಳೆ ಕದಲಿದರೆ
ಬೆರಳ ಗಂಟಿಗೆ ಬಾರಿಸುತ್ತಿದ್ದ ಅಪ್ಪ, ತ್ಯಾಂಪ ಆಚಾರಿ,
ಸೊಟ್ಟಕ್ಕೂ ದಿನಗೂಲಿ ಉಂಟೆಂದರೆ ನಂಬುತ್ತಿರಲಿಲ್ಲ.

ಕೊನೆಗೆ ಡ್ರಿಲ್ ಕೈಗೆ ಬಂತು.
ಸಣ್ಣ ಸಣ್ಣ ತೂತು, ಅಲ್ಲೊಂದು ಇಲ್ಲೊಂದು, ಹುಳು ತಿಂದ ಹಾಗೆ.
ಅಮಾವಾಸ್ಯೆ ನೋಡಿ ಮರ ಕಡಿದು, ಹೊಗೆ ಹಾಕಿ, ಗೇರೆಣ್ಣೆ ಸವರಿ
ಅಪ್ಪ ಜನ್ಮವಿಡೀ ದೂರವಿಟ್ಟ ಕುಟ್ಟೆಯನ್ನು
ನಾನು ಮೂರು ದಿನ ಕೂತು ಕೊರೆದೆ.
ಓವರ್‌ಟೈಮ್ ಬೇರೆ.

ಕಳ್ಳತನ ಮಾಡಿದ್ದು ಒಂದೇ.
ತೋಟದ ಮೂಲೆಯಲ್ಲಿ ಗಾಳಿಗೆ ಬಿದ್ದ ಗಾಫ್ ಮರವಿತ್ತು,
ಒಣಗಿ ಕಬ್ಬಿಣ. ಶುಕ್ರವಾರ, ಯಾರೂ ಇಲ್ಲದಾಗ
ಅಡುಗೆಮನೆ ಬಾಗಿಲ ಮೇಲಿನ ಫೋಮು ಕಿತ್ತು
ಗಂಡು ಹೆಣ್ಣು ಕೂಡಿಸಿ ಬೆಣೆ ಜಡಿದೆ. ಮೊಳೆ ಇಲ್ಲ.
ಕೊಡತಿಯ ಸದ್ದಿಗೆ ಪಾರಿವಾಳ ಎದ್ದವು.
ಕರಿ ಬಳಿದ ಮೇಲೆ ಗುಲ್‌ಜಮಾನ್‌ಗೂ ಗುರುತು ಸಿಗಲಿಲ್ಲ.

ಅರ್ಬಾಬ್ ಬಂದ. ಗೋಡೆ ಮುಟ್ಟಿದ, ತೂತು ಮುಟ್ಟಿದ,
ಸುಮ್ಮನೆ ನಿಂತ. ಹೊರಗೆ ನಲವತ್ತೇಳು ಡಿಗ್ರಿ.
"ಮಿಸೆಸ್ ಹ್ಯಾಡ್ಲಿ ಇಲ್ಲೇ ಚಹಾ ಇಡುತ್ತಿದ್ದಳು" ಎಂದು
ಏನೂ ಇಲ್ಲದ ಕಿಟಕಿಕಟ್ಟೆ ತೋರಿಸಿದ.
ಒಳಗೊಳಗೇ ನಗುತ್ತಿದ್ದವನು ಅಲ್ಲಿಗೆ ನಿಲ್ಲಿಸಿದೆ.

ಎರಡು ವರ್ಷ ಕಳೆದು, ಸನಾಯ್ಯಾದ ಕೋಣೆಯಲ್ಲಿ
ಮೀನು ಹುರಿಯುವಾಗ ಫೋನು:
"ಅಡುಗೆಮನೆ ಬಾಗಿಲ ಮೇಲಿಂದ ಹಿಟ್ಟು ಉದುರುತ್ತಿದೆ,
ದಿನಾ ಒರೆಸಿದರೂ ದಿನಾ. ಏನದು ಆಚಾರಿ?"

ಕುಟ್ಟೆ.
ಅರಬಿಯಲ್ಲಿ ಅದಕ್ಕೇನೆನ್ನುತ್ತಾರೋ ತಿಳಿಯದೆ
"ನಾಳೆ ಬರ್ತೇನೆ" ಅಂದೆ.
ಅಷ್ಟು ದೊಡ್ಡ ಮನೆಯಲ್ಲಿ, ಅಷ್ಟೊಂದು ತೂತುಗಳ ನಡುವೆ
ಅದೊಂದನ್ನೇ ಹೇಗೆ ಹುಡುಕಿತು ಹುಳ!

ಮೀನು ಅಷ್ಟರಲ್ಲಿ ಒಂದು ಮಗ್ಗುಲು ಸೀದಿತ್ತು.