ತೂಕದ ಮನೆಯ ಗುಮಾಸ್ತೆ

ಬೆಳಗಿನ ಆರೂಕಾಲಿಗೆ ನಿನ್ನ ರಸೀದಿ ಬಂತು.
ಡುಲೂತಿನ ಸರೋವರ ಮಾರ್ಚಿನಲ್ಲೂ ಗಡ್ಡೆಕಟ್ಟಿತ್ತು,
ಕಾಫಿ ಇನ್ನೂ ಸೋಸಿರಲಿಲ್ಲ.
ಕಂಪ್ಯೂಟರಿನ ಕಾವಲಿಗೆ ಮೂರು ವರ್ಷದ ಚಂದಾ,
ನಾನೂರ ತೊಂಬತ್ತೊಂಬತ್ತು ಡಾಲರು, ಮೇಲೆ ಚಿಲ್ಲರೆ.
ಕೊಂಡಿದ್ದಕ್ಕೆ ವಂದನೆ, ಪ್ರಿಯ ಗ್ರಾಹಕರೇ, ಎಂದಿದ್ದೆ.

ಸುಳ್ಳು ಯಾಕೆ, ಎದೆ ಧಸಕ್ಕೆಂದಿತು.
ಫೋನು ಎತ್ತಿ ಮೂರು ಅಂಕಿ ಒತ್ತಿಯೂ ಆಗಿತ್ತು.
ನಾಲ್ಕನೆಯದು ಮೂರೋ ಎಂಟೋ
ಬರಿಗಣ್ಣಿಗೆ ಕಾಣಲಿಲ್ಲ.
ಕನ್ನಡಕ ಹುಡುಕಲು ಎದ್ದೆ ನೋಡು,
ಜೊತೆಗೆ ನನ್ನ ಹಳೆಯ ಕಸುಬೂ ಎದ್ದಿತು.

ಮೂವತ್ತೊಂದು ವರ್ಷ ಅದಿರಿನ ಹಡಗುಕಟ್ಟೆಯಲ್ಲಿ
ತೂಕದ ಮನೆಯ ಗುಮಾಸ್ತೆ ನಾನು, ಐಲಿ ರೌತಿಯೊ.
ಗಣಿಯಿಂದ ಬಂದ ರೈಲು ಡಬ್ಬಿ ತಕ್ಕಡಿ ಏರಿ ನಿಂತು
ಮುಳ್ಳು ನಡುಗಿ ನಡುಗಿ ಸುಮ್ಮನಾದ ಮೇಲೆ
ಚೀಟಿ ಬರೆಯುತ್ತಿದ್ದೆ: ಡಬ್ಬಿಯ ನಂಬರು, ಗಣಿಯ ಹೆಸರು,
ಗಂಟೆ, ನಿಮಿಷ, ತೂಕ,
ಅಡಿಯಲ್ಲಿ ನನ್ನ ಹೆಸರಿನ ಎರಡಕ್ಷರ.
ಯಾವತ್ತೂ ಮೂರು ಪ್ರತಿ.
ಬೆರಳಿಗೆ ಹತ್ತಿದ ಕಾರ್ಬನ್ನಿನ ನೀಲಿ
ಮದುವೆಯ ದಿನವೂ ಹೋಗಿರಲಿಲ್ಲ.

ನಿನ್ನದನ್ನೂ ತಕ್ಕಡಿಗೆ ಹಾಕಿದೆ.
ನನ್ನ ಹೆಸರು ಎಲ್ಲೂ ಇಲ್ಲ.
ದುಡ್ಡಿನ ಅಂಕಿ ಮಾತ್ರ ದಪ್ಪ, ಕೆಂಪು.
ಕಳಿಸಿದವರ ವಿಳಾಸವೋ,
ಕೀಲಿಮಣೆಯ ಮೇಲೆ ಬೆಕ್ಕು ನಡೆದ ಹಾಗೆ.
ಫೋನ್ ನಂಬರು ನಾಲ್ಕು ಕಡೆ.
ಬೇಡವಾದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಕರೆಮಾಡಿ, ಎಂದು ಬೇರೆ.

ಅವಸರ ಮಾಡುವ ರಸೀದಿಯನ್ನು ನಾನು ಕಂಡಿಲ್ಲ ಮಗಾ.
ರಸೀದಿ ಅಂದರೆ ಮಾತು ಮುಗಿಯಿತು ಅಂತ.
ಕೊಟ್ಟದ್ದು ಕೊಟ್ಟಾಯಿತು, ಇಸಕೊಂಡದ್ದು ಇಸಕೊಂಡಾಯಿತು,
ಇದನ್ನು ಮೊಳೆಗೆ ಚುಚ್ಚಿ ಮನೆಗೆ ನಡೆ ಅಂತ.
ನಿನ್ನದು ಮಾತಿಗೆ ಕರೆಯುತ್ತದೆ.
ಎತ್ತು ಈದಿದೆ ಎಂದು ಬರೆದು ಕಳಿಸಿದ್ದೀಯ,
ಕರು ಕಟ್ಟಲು ನಾನು ಹಗ್ಗ ಹಿಡಿದು ಓಡಬೇಕಿತ್ತು.

ನಿನ್ನ ನಂಬರು ಬಿಟ್ಟೆ.
ಬ್ಯಾಂಕಿನ ಕಾರ್ಡು ತಿರುಗಿಸಿ
ಬೆನ್ನ ಮೇಲಿನ ನಂಬರಿಗೆ ಫೋನು ಮಾಡಿದೆ.
ಹತ್ತು ನಿಮಿಷ ಪಿಟೀಲು ಕೇಳಿಸಿ ಒಬ್ಬ ಹುಡುಗಿ ಹೇಳಿದಳು:
ಒಂದು ಸೆಂಟೂ ಹೋಗಿಲ್ಲ, ಅಳಿಸಿಬಿಡಿ.

ಅಳಿಸಲಿಲ್ಲ, ಮುದ್ರಿಸಿದೆ.
ಪಕ್ಕದ ಮನೆಯ ವರ್ನನ್ ಸ್ಕೋಗ್ಲುಂಡನಿಗೆ ತೋರಿಸಿ
ನಗೋಣವೆಂದು ಕೋಟು ಹಾಕಿ ಹೊರಟೆ.

ಅವನು ನಗಲಿಲ್ಲ.
ಚಮಚಗಳ ಡ್ರಾಯರು ಎಳೆದು, ತಳದ ಕಾಗದ ಎತ್ತಿ,
ರಬ್ಬರು ಸುತ್ತಿದ ಹನ್ನೊಂದು ಗಿಫ್ಟ್ ಕಾರ್ಡು ಹೊರಗಿಟ್ಟ.
ಬೆಳ್ಳಿ ಬಣ್ಣ ಕೆರೆದು ನಂಬರು ಓದಿ ಹೇಳಿದ್ದು.
ಕೆಳಗೆ ನಿನ್ನದೇ ರಸೀದಿ, ನವೆಂಬರಿನದು,
ಅದೇ ಕಾಗುಣಿತದ ತಪ್ಪು.

ಎತ್ತುವ ಸೇತುವೆಯ ಅಡಿ, ಮಂಜಿನಲ್ಲಿ,
ಸಾವಿರ ಅಡಿಯ ಹಡಗು ನುಗ್ಗಿಸಿದವನು ವರ್ನನ್.
ಹಣ ಮರಳಿಸುತ್ತೇನೆಂದ ಹುಡುಗ
ಸೊನ್ನೆಯೊಂದು ಹೆಚ್ಚು ಬಿದ್ದುಹೋಯಿತು, ಸಾರ್,
ಉಳಿದದ್ದು ಈಗಲೇ ಕೊಡದಿದ್ದರೆ ಕೆಲಸ ಹೋಗುತ್ತದೆ
ಎಂದು ಅತ್ತನಂತೆ.
ಇಪ್ಪತ್ತೆರಡರಲ್ಲಿ ವರ್ನನ್ ಒಂದು ಹಡಗನ್ನು ಗೋಡೆಗೆ ಉಜ್ಜಿದ್ದ,
ಮೇಲಿನವನೊಬ್ಬ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿದ್ದ.
ಆ ಸಾಲ ತೀರಿತು ಅಂದುಕೊಂಡೆ, ಐಲಿ, ಅಂದ.

ಮಗಾ, ಇದು ನಿನಗೆ ಗೊತ್ತಿರಲಿಕ್ಕಿಲ್ಲ.
ಗೊತ್ತಿದ್ದರೂ
ಅಳುವುದನ್ನು ನೀನು ಬಿಡುತ್ತಿರಲಿಲ್ಲ.

ಮನೆಗೆ ಬಂದು ನೆಲಮಾಳಿಗೆಯಿಂದ
ಹಳೆಯ ಚೀಟಿ ಪುಸ್ತಕ ತೆಗೆದುಕೊಂಡು ಹೋದೆ.
ಕಾರ್ಬನ್ನು ಒಣಗಿತ್ತು, ಒತ್ತಿ ಬರೆದೆ:
ದಿನ, ಗಂಟೆ, ಯಾವ ಅಂಗಡಿ, ಯಾವ ಕಾರ್ಡು, ಎಷ್ಟು.
ಒಂದೊಂದಕ್ಕೂ ಅವನು ಗಂಟಲು ಸರಿಮಾಡಿಕೊಂಡು ಹೇಳಿದ.
ಹಣ ಬರುತ್ತದಾ? ಗೊತ್ತಿಲ್ಲ ಅಂದೆ.
ಅಡಿಯಲ್ಲಿ ನನ್ನ ಎರಡಕ್ಷರ ಹಾಕಿ
ಸಹಿಗೆಂದು ಅವನ ಕಡೆ ತಳ್ಳಿದೆ.

ಪೆನ್ನು ಹಿಡಿದು ಸುಮ್ಮನೆ ಕೂತ.
ಇದನ್ನು ನನ್ನ ಮಗಳು ನೋಡುತ್ತಾಳಾ? ಎಂದ.

ಬ್ಯಾಂಕಿಗೊಂದು, ಪೊಲೀಸರಿಗೊಂದು, ನಿನಗೊಂದು, ಅಂದೆ.
ಕಾರ್ಬನ್ನು ನಾಲ್ಕನೆಯದಕ್ಕೆ ಇಳಿಯುವುದಿಲ್ಲ.