ನಡುಮಟ್ಟ

ಬಿಲ್ಲೆಯ ಮೇಲೆ ನನ್ನ ಹೆಸರು ಪೂರ್ತಿ ಹಿಡಿಸಿರಲಿಲ್ಲ.
ಹಂಚಿನಮನಿಯಲ್ಲಿ ಹಂಚು ಉಳಿದು
ಮನಿ ಬಿದ್ದುಹೋಗಿತ್ತು.
ಇರಲಿ ಅಂದುಕೊಂಡೆ, ಹೊರಗೆ ಮಳೆ,
ಹಂಚಾದರೂ ಇದೆಯಲ್ಲ.

ಹ್ಯಾಲಿಫ್ಯಾಕ್ಸಿನ ಹಳೆಯ ಉಣ್ಣೆ ಗಿರಣಿ, ಈಗ ಸಭಾಂಗಣ.
ನೂಲಿನ ಲಡಿ ತೂಗುತ್ತಿದ್ದ ಕೊಕ್ಕೆಗಳಲ್ಲಿ
ನೂರಾರು ಒದ್ದೆ ಕೋಟು.
ಒಂದೊಂದರ ಕೆಳಗೂ ಕಲ್ಲುನೆಲದ ಮೇಲೆ
ಅದರದೇ ಪುಟ್ಟ ಜಲಾನಯನ ಪ್ರದೇಶ.

ನನ್ನ ಪಾಲು ಊಟಕ್ಕೆ ಮೊದಲಿನ ಹದಿನೈದು ನಿಮಿಷ.
ವಿಷಯ: ಮೇಲ್ಕಣಿವೆಯಲ್ಲಿ ಸೋರುವ ಕಟ್ಟೆಗಳು.
ಬಿದ್ದ ಮರದ ದಿಮ್ಮಿಗಳನ್ನು ಹಳ್ಳಕ್ಕೆ ಅಡ್ಡ ಚೆಲ್ಲಿ
ನೀರಿಗೆ ತುಸು ಕೂತು ಹೋಗು ಅನ್ನುವುದು.
ತಡೆಯುವುದಲ್ಲ. ಬೀಗರನ್ನು ಬಾಗಿಲಲ್ಲಿ ತಡೆಯುತ್ತಾರೆಯೇ?
ಚಹಾ ಆಗಲಿ, ಏನವಸರ, ಅಂತ ಕೈ ಹಿಡಿಯುತ್ತಾರೆ, ಅಷ್ಟೇ.
ಇದನ್ನು ಇಂಗ್ಲಿಷಿನಲ್ಲಿ ಹೇಳಲಾಗಲಿಲ್ಲ.
ಅಲ್ಲಿ ಹೇಳಿದ್ದು: ಗರಿಷ್ಠ ಹರಿವಿನಲ್ಲಿ
ಶೇಕಡಾ ಹನ್ನೊಂದು ಇಳಿಕೆ.

ಮೊದಲ ತಾಣ, ಎರಡನೆಯದು, ಮೂರನೆಯದು,
ನೀಲಿ ಗೆರೆಗಳು ಹೇಳಿದ ಮಾತು ಕೇಳಿದವು.
ನಾಲ್ಕನೆಯದಕ್ಕೆ ನನ್ನ ಗಂಟಲು ಒಣಗಿತು.
ಜನವರಿ ಇಪ್ಪತ್ತೊಂದರ ರಾತ್ರಿ, ಒಂದೂ ಮುಕ್ಕಾಲು,
ಗೆರೆ ಏರುತ್ತ ಏರುತ್ತ ಹೋಗಿ
ಇಲ್ಲ.
ಮತ್ತೆ ಶುರುವಾಗುವುದು ಇಪ್ಪತ್ತಾರಕ್ಕೆ, ತಗ್ಗಿನಲ್ಲಿ,
ಏನೂ ಆಗಿಲ್ಲವೆಂಬವರ ಹಾಗೆ.

ಮಾಪಕ ಕೊಚ್ಚಿಹೋಯಿತು, ಅಂದೆ.
ಯಾರೋ ನಕ್ಕರು. ತಪ್ಪಿಲ್ಲ,
ಪ್ರವಾಹ ಅಳೆಯಲು ಇಟ್ಟದ್ದು ಪ್ರವಾಹಕ್ಕೇ ಹೋದರೆ
ನನಗೂ ನಗು ಬಂದೀತು.
ಲೀಡ್ಸಿನ ಪ್ರೊಫೆಸರು ಕನ್ನಡಕ ಒರೆಸಿಕೊಂಡು ಕೇಳಿದರು:
ಬೇಕಾದ ರಾತ್ರಿಯೇ ನಿಮ್ಮಲ್ಲಿಲ್ಲ, ಹಾಗಾದರೆ?
ಇಲ್ಲ, ಅಂದೆ.
ಆ ಒಂದು ಮಾತಿಗಾಗಿ ಮೂರು ವರ್ಷ ದುಡಿದವಳ ಹಾಗೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.
ಹಿಲ್ಡಾ ಆಕ್ರಾಯ್ಡ್. ನಾಲ್ಕನೇ ತಾಣ
ಇವಳ ಕುರಿ ಕೊಟ್ಟಿಗೆಯ ಹಿಂದೆ.
ಬಂದದ್ದು ಪುಕ್ಕಟೆ ಊಟಕ್ಕೆ, ಬೆಳಿಗ್ಗೆಯೇ ಹೇಳಿದ್ದಳು.
ಮೈಕು ಬೇಡವೆಂದಳು,
ಗುಡ್ಡದಾಚೆಯ ನಾಯಿಯನ್ನು ಕರೆದು ಪಳಗಿದ ಗಂಟಲು.

"ಎರಡು ಗಂಟೆಗೆ ಬಾಗಿಲ ಕೆಳಗಿನ ಕೀಲು ಮುಳುಗಿತು.
ಎರಡೂವರೆಗೆ ಮೊಣಕಾಲು.
ಮೂರಕ್ಕೆ ಇಲ್ಲಿ," ನಡುವಿನ ಮೇಲೆ ಕೈಯಿಟ್ಟಳು,
"ಮತ್ತೆ ಏರಲಿಲ್ಲ. ಕಟ್ಟೆ ಹಾಕುವ ಮುಂಚಿನ ವರ್ಷ ಇಲ್ಲಿಗೆ."
ಕೈ ಎದೆಗೆ ಹೋಯಿತು,
ಅಲ್ಲೇ ತುಸು ಹೊತ್ತು ನಿಂತಿತು.
"ಕುರಿಗೆ ಗುರುತು ಹಾಕುವ ಬಣ್ಣದಲ್ಲಿ ಬಾಗಿಲಿಗೆ ಗೆರೆ ಎಳೆದಿದ್ದೇನೆ.
ಯಾರೂ ಕೇಳಲಿಲ್ಲ."

ಅದು ಬೇರೆ ಮಳೆ, ಇದು ಬೇರೆ, ಅಂದರು ಪ್ರೊಫೆಸರು.
ಸರಿಯಾದ ಮಾತೇ.
ಮಳೆ ಬೇರೆ, ಬಾಗಿಲು ಅದೇ, ಅಂದಳು ಹಿಲ್ಡಾ.

ಮೂರು ವರ್ಷ ಆ ಕೊಟ್ಟಿಗೆ ದಾಟಿಯೇ ಹಳ್ಳಕ್ಕಿಳಿದಿದ್ದೆ,
ಆ ಬಾಗಿಲಿಗೇ ಆತು ಬೂಟಿನ ಕೆಸರು ಕೆರೆದಿದ್ದೆ.
ಮಲಪ್ರಭೆಯ ದಂಡೆಯಲ್ಲಿ ನೀರು ಎಷ್ಟೈತಿ ಅಂದರೆ
ಬಾಯಿ ಬಿಡದೆ ತಮ್ಮ ಮೈ ಮುಟ್ಟಿ ತೋರಿಸುವವರ ಕಡೆಯವಳು ನಾನು,
ಮೊಣಕಾಲುದ್ದ, ನಡುಮಟ್ಟ, ಎದೆಮಟ್ಟ,
ಅದರ ಮೇಲೆ ಆಳುದ್ದ,
ಆಳುದ್ದದ ಮೇಲೆ ಲೆಕ್ಕವಿಲ್ಲ.
ಇಷ್ಟು ಮಾತು ಬಾಯಲ್ಲಿಟ್ಟುಕೊಂಡು
ಒಮ್ಮೆಯೂ ಕೇಳಿರಲಿಲ್ಲ.

ಊಟದ ಸಾಲಿನಲ್ಲಿ ಅವಳ ಹಿಂದೆ ನಿಂತೆ.
ಚೀಲದಿಂದ ಟೇಪು ತೆಗೆದು, ಅಡ್ಡಿಯಿಲ್ಲವೇ, ಅಂದೆ.
ತಟ್ಟೆ ಎತ್ತಿ ಹಿಡಿದು ನೆಟ್ಟಗೆ ನಿಂತಳು
ಉಣ್ಣೆ ಕತ್ತರಿಸಲು ಒಪ್ಪಿದ ಮುದಿ ಕುರಿಯಂತೆ.
ನೆಲದಿಂದ ನಡುವಿಗೆ ತೊಂಬತ್ತೆರಡು ಸೆಂಟಿಮೀಟರ್.
"ಬೂಟು ಸೇರಿಸು," ಅಂದಳು ಬಾಯಲ್ಲಿ ಬಟಾಟೆ,
"ಆ ರಾತ್ರಿ ಬೂಟಿತ್ತು."

ಬರೆದುಕೊಂಡೆ:
ಮೂರು ಗಂಟೆ. ತೊಂಬತ್ತೈದು.